ಕುಳಿತೇಳದ ದರ್ಶನ

ದೇವಸ್ಥಾನದಲ್ಲಿ ಮಂಗಳಾರತಿಯನ್ನು ಕಣ್ಣಿಗೊತ್ತಿಕೊಂಡು ತೀರ್ಥಪ್ರಸಾದಗಳನ್ನು ಸ್ವೀಕರಿಸಿದ ಮೇಲೆ, ಎಷ್ಟೇ ಅವಸರವಿದ್ದರೂ ಪ್ರಾಕಾರದ ಒಂದು ಮೂಲೆಯಲ್ಲಿ ಅರೆಘಳಿಗೆಯಾದರೂ ಕುಳಿತು ಏಳಬೇಕೆಂಬುದು ನಮ್ಮ ಹಿರಿಯರು ಪಾಲಿಸಿಕೊಂಡು ಬಂದ ನಿಯಮ. ರಾಜಧಾನಿಯನ್ನು ಒಂದೇ ಹಗಲಿನಲ್ಲಿ ಸುತ್ತಿಸುವ ಬಸ್ಸುಗಳಿಗೆ ‘ದೆಹಲಿ ದರ್ಶನ’ವೆಂದು ಹೆಸರಿಟ್ಟವರು ದೇವಾಲಯದ ಮಾತನ್ನು ಎರವಲು ತಂದು, ಕುಳಿತೇಳುವ ವಿಧಿಯನ್ನು ಮಾತ್ರ ಅಲ್ಲಿಯೇ ಬಿಟ್ಟುಬಂದರು.

ಕಳೆದ ಮಾಗಿಯಲ್ಲಿ ಎಪ್ಪತ್ತು ದಾಟಿದ ನಮ್ಮ ತಾಯಿಯವರನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ನಾವು ದಂಪತಿಗಳು ಅಂಥದೊಂದು ಬಸ್ಸನ್ನೇರಿ, ಸಂಜೆಯೊಳಗಾಗಿ ಏಳು ಸ್ಥಳಗಳನ್ನು ‘ಮುಗಿಸಿದೆವು’. ಈ ಕ್ರಿಯಾಪದ ನನ್ನದಲ್ಲ, ನಮ್ಮ ಮಾರ್ಗದರ್ಶಿಯದು. ಕುತುಬ್ ಮಿನಾರಿನ ಅಂಗಳದಲ್ಲಿ, ಚಂದ್ರನೆಂಬ ಅರಸನ ಸಂಸ್ಕೃತ ಶಾಸನವನ್ನು ಹೊತ್ತು ಸುಮಾರು 1600 ವರ್ಷಗಳ ಮಳೆಬಿಸಿಲನ್ನು ಉಂಡು ನಿಂತಿರುವ ಕಬ್ಬಿಣದ ಸ್ತಂಭವನ್ನು ಕಂಡು, “ಇದಕ್ಕೆ ತುಕ್ಕು ಯಾಕೆ ಹಿಡಿದಿಲ್ಲ ಅಪ್ಪ?” ಎಂದು ಮಗಳು ಕೇಳಿದಳು. ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು, ಅದರಿಂದ ಮೈಮೇಲೆ ತೆಳುವಾದ ಪೊರೆಯೊಂದು ಕಟ್ಟಿಕೊಂಡು ಕವಚದಂತೆ ಕಾಯುತ್ತದೆ ಎಂದು ಹೇಳುವುದಕ್ಕೆ ಎರಡು ನಿಮಿಷ ಸಾಕು; ಆದರೆ ಬಸ್ಸಿನ ಹಾರನ್ನು ಆ ಎರಡು ನಿಮಿಷವನ್ನೂ ಕೊಡಲಿಲ್ಲ.

ಕೆಂಪುಕೋಟೆಯದು ಮತ್ತೂ ದೊಡ್ಡ ಅನ್ಯಾಯ. ಷಹಜಹಾನನು 1639ರಲ್ಲಿ ಆರಂಭಿಸಿದ ಈ ಕೋಟೆಯ ಪೂರ್ವದ ಗೋಡೆಯ ಬುಡದಲ್ಲಿ ಅಂದು ಯಮುನೆ ಹರಿಯುತ್ತಿದ್ದಳೆಂಬುದನ್ನೂ, 1857ರ ತರುವಾಯ ಆಂಗ್ಲರು ಒಳಗಿನ ಅರಮನೆಗಳ ಬಹುಭಾಗವನ್ನು ಕೆಡವಿ ಸೈನಿಕರ ವಸತಿಗಳನ್ನು ಎಬ್ಬಿಸಿದರೆಂಬುದನ್ನೂ ಅರಿಯದವನು, ಅಲ್ಲಿನ ನೀರಸವಾದ ಉದ್ದನೆಯ ಕಟ್ಟಡಗಳನ್ನೂ ಮೊಗಲರ ತಲೆಗೇ ಕಟ್ಟಿ ಮನೆಗೆ ಹಿಂದಿರುಗುತ್ತಾನೆ. ಕಾಣುವುದಕ್ಕಿಂತ ಕಾಣದೆ ಹೋದದ್ದೇ ಹೆಚ್ಚಾಗಿರುವ ಸ್ಥಳದಲ್ಲಿ ಓಡುವವನಿಗೆ ದಕ್ಕುವುದಾದರೂ ಏನು?

ಹುಮಾಯೂನನ ಸಮಾಧಿಯನ್ನು ತಲುಪುವ ಹೊತ್ತಿಗೆ ತಾಯಿಯವರ ಮಂಡಿಗಳು ಸೋತಿದ್ದವು. ಗ್ರಂಥಾಲಯದ ಮೆಟ್ಟಿಲುಗಳಿಂದ ಉರುಳಿ ಪ್ರಾಣಬಿಟ್ಟ ದೊರೆಯ ಗೋರಿಗೆ ಇಷ್ಟು ಕಡಿದಾದ ಮೆಟ್ಟಿಲುಗಳನ್ನಿಟ್ಟ ಶಿಲ್ಪಿಯ ಧೈರ್ಯಕ್ಕೆ ನಾನು ಬೆರಗಾಗಿ ನಿಂತಿರಲು, ಅವರು ಕೆಳಗೇ ಕುಳಿತು, “ನೀವು ಹೋಗಿ ಬನ್ನಿ, ನಾನು ಸ್ವಲ್ಪ ಸುಧಾರಿಸಿಕೊಳ್ಳುತ್ತೇನೆ” ಎಂದರು. ದಾರಾ ಶಿಕೋಹನ ದೇಹ ಮಣ್ಣಾದ, ಕೊನೆಯ ಬಾದಷಹ ಬಹಾದುರ್ ಷಾ ಜಫರನು 1857ರ ಸೆಪ್ಟೆಂಬರಿನಲ್ಲಿ ಆಶ್ರಯ ಪಡೆದು ಸೆರೆಸಿಕ್ಕ ತಾಣವದು. ಕುಳಿತ ಐದನೆಯ ನಿಮಿಷಕ್ಕೆ ಮಾರ್ಗದರ್ಶಿಯು ಚಪ್ಪಾಳೆ ತಟ್ಟಿ ಅವರನ್ನು ಎಬ್ಬಿಸಿದನು.

ಜೀವಮಾನದಲ್ಲಿ ಒಮ್ಮೆ ದೆಹಲಿಗೆ ಬರುವವರಿಗೆ, ಎಣಿಸಿದಷ್ಟೇ ರಜೆಯುಳ್ಳವರಿಗೆ, ಎಲ್ಲವನ್ನೂ ಕಂಡುಬಿಡಬೇಕೆಂಬ ಆಸೆ ಸಹಜ. ಅದನ್ನು ಹೀಗಳೆಯಲಾರೆ, ಏಕೆಂದರೆ ಚೀಟಿ ಕೊಂಡವನು ನಾನೇ. ಆದರೂ ಏಳರ ಬದಲು ಎರಡೇ ಸ್ಥಳಗಳನ್ನು ತೋರಿಸಿ, ಹಿರಿಯರಿಗೆ ನೆರಳಿನಲ್ಲಿ ಕೂರಲೂ ಮಕ್ಕಳಿಗೆ ಪ್ರಶ್ನೆ ಕೇಳಲೂ ಅವಕಾಶವಿರುವ ಒಂದು ಬಸ್ಸನ್ನು ಯಾರಾದರೂ ಓಡಿಸಬಾರದೇಕೆ? ಅದೇ ದರವನ್ನು ಕೊಡಲು ನಾನು ಸಿದ್ಧ.

ಮರುದಿನ ಬಸ್ಸಿನ ಸಹವಾಸ ಬಿಟ್ಟು ಆಟೋ ಹಿಡಿದು ಜಂತರ್ ಮಂತರಿಗೆ ಹೋದೆವು. ಸವಾಯಿ ಜಯಸಿಂಹನು 1724ರಲ್ಲಿ ಕಟ್ಟಿಸಿದ ಆ ವೇಧಶಾಲೆಯಲ್ಲಿ, ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಓರೆಯಾಗಿ ಏರಿರುವ ಸಮ್ರಾಟ್ ಯಂತ್ರವೆಂಬುದು ನೆರಳಿನಿಂದ ಹೊತ್ತನ್ನು ಅಳೆಯುತ್ತದೆ. ಸುತ್ತಲೂ ಬೆಳೆದು ನಿಂತ ಗಗನಚುಂಬಿಗಳು ಈಗ ಅದರ ಬಿಸಿಲಿಗೇ ಅಡ್ಡಬಂದಿವೆ. ಮಗನು ನೆಲದ ಮೇಲೆ ನೆರಳಿನ ಅಂಚಿಗೆ ಸರಿಯಾಗಿ ಒಂದು ಹರಳನ್ನಿಟ್ಟು ಕುಕ್ಕುರುಗಾಲಿನಲ್ಲಿ ಕುಳಿತನು. ತಾಯಿಯವರು ಹುಲ್ಲಿನ ಮೇಲೆ ಕಾಲುಚಾಚಿ ಅವಲಕ್ಕಿಯ ಡಬ್ಬಿಯನ್ನು ಬಿಚ್ಚಿದರು.

“ಅಜ್ಜೀ, ನೆರಳು ನಡೀತಾ ಇದೆ!”

“ನಡೀಲಿ ಬಿಡೋ. ನಮಗೇನು ಅವಸರ, ಕೈಯೊಡ್ಡು” ಎಂದು ಅವರು ಅವನ ಅಂಗೈಗೆ ಅವಲಕ್ಕಿ ಸುರಿದರು.