ಅಮೃತಶಿಲೆಯ ರೋಮು, ಆತಕೂರಿನ ಕಲ್ಲು

ಗತಕಾಲದ ನಿತ್ಯಜೀವನವನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ ಮನುಷ್ಯನಿಗೆ ಸಹಜವಾದುದು. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಈ ಹಂಬಲವನ್ನು ತಣಿಸಿದ ಚಿತ್ರಕಾರರಲ್ಲಿ ಹಾಲೆಂಡ್ ಸಂಜಾತನಾದ ಲಾರೆನ್ಸ್ ಆಲ್ಮ-ಟಡೀಮನು (1836-1912) ಅಗ್ರಗಣ್ಯನು. 1863ರಲ್ಲಿ ಪಾಂಪೇಯ ಅವಶೇಷಗಳನ್ನು ಕಂಡ ಈತನು, 1870ರಲ್ಲಿ ಲಂಡನ್ನಿಗೆ ಬಂದು ನೆಲಸಿ, ಪ್ರಾಚೀನ ರೋಮಿನ ಮನೆ, ಅಂಗಳ, ಸ್ನಾನಗೃಹಗಳನ್ನು ಚಿತ್ರಿಸುತ್ತ ಹೋದನು. ಕಂಬ, ಪೀಠ, ಪಾತ್ರೆಗಳ ಆಕಾರಕ್ಕೆ ಉತ್ಖನನದ ಆಧಾರವುಂಟು. ಅಮೃತಶಿಲೆಯ ನುಣುಪನ್ನು ಬಣ್ಣದಲ್ಲಿ ತರುವುದರಲ್ಲಿ ಅವನಿಗೆ ಸರಿಸಮಾನರು ವಿರಳ. ಆದರೆ ಆ ಶಿಲೆಗೆ ಒರಗಿ ಕುಳಿತವರ ಮುಖಭಾವ ಲಂಡನ್ನಿನ ಸಿರಿವಂತರದು. ರೋಮನ್ನು ಕಟ್ಟಿದ ಗುಲಾಮರ ಬೆವರು ಅಲ್ಲಿ ಕಾಣುವುದು ಅಪರೂಪ. ಆದರೂ ಆ ಕಲ್ಪನೆಯೇ ಚರಿತ್ರೆಯೆನಿಸಿತು: 2000ದಲ್ಲಿ ತೆರೆಗೆ ಬಂದ ‘ಗ್ಲ್ಯಾಡಿಯೇಟರ್’ ಚಲನಚಿತ್ರದ ರೋಮಿಗೂ ಇವನ ಚಿತ್ರಗಳು ಮಾದರಿಯಾದುವು.

ನಮ್ಮಲ್ಲಿಯೂ ಇಂಥದೇ ಒಂದು ಸಂಗತಿ ನಡೆದಿದೆ. ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿರುವ ರವಿವರ್ಮನ (1848-1906) ಪುರಾಣಚಿತ್ರಗಳನ್ನು ಮೆಚ್ಚದವರಾರು? ತನ್ನ ಕಾಲದ ಸೀರೆಯನ್ನು ಅವನು ದೇವಿಯರಿಗೆ ಉಡಿಸಿದನು. 1894ರಲ್ಲಿ ಸ್ಥಾಪಿತವಾದ ಅವನ ಮುದ್ರಣಾಲಯದ ಮೂಲಕ ಆ ರೂಪಗಳು ಮನೆಮನೆಯ ಗೋಡೆಯನ್ನೇರಿದುವು. ಸರಸ್ವತಿ, ಲಕ್ಷ್ಮಿಯರು ಹೀಗೆಯೇ ಇದ್ದಾರೆಂಬ ನಂಬಿಕೆ ಬೇರೂರಿತು.

ಇಂದು ಕುಂಚವೂ ಬೇಕಿಲ್ಲ. ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ಒಂದು ವಾಕ್ಯ ಬರೆದರೆ ಸಾಕು, ಹೊಯ್ಸಳರ ಪೇಟೆ, ವಿಜಯನಗರದ ಬೀದಿ ಕ್ಷಣದಲ್ಲಿ ಸಿದ್ಧ. ಬಿಂಡಿಗನವಿಲೆಯಂಥ ಊರಿನ ವಿದ್ಯಾರ್ಥಿಯೂ ಅದನ್ನು ಮೊಬೈಲಿನಲ್ಲಿ ಕಾಣುತ್ತಾನೆ. ಆಲ್ಮ-ಟಡೀಮನಾದರೋ ಅವಶೇಷಗಳ ನಡುವೆ ನಿಂತು ಅಳತೆ ಮಾಡಿದವನು. ಈ ಚಿತ್ರಗಳಿಗೆ ಅಷ್ಟು ಹೊಣೆಯೂ ಇಲ್ಲ. ಕಸವಿಲ್ಲದ ಬೀದಿ, ಮೈತುಂಬ ಹೊನ್ನು, ದುಡಿಯುವವರೇ ಇಲ್ಲದ ವೈಭವ! ಇದನ್ನೇ ಗತಕಾಲವೆಂದು ನಂಬಿದ ತಲೆಮಾರು ವರ್ತಮಾನವನ್ನೂ ಅದೇ ಅಳತೆಗೋಲಿನಿಂದ ಅಳೆಯುವುದು ನಿಶ್ಚಯ.

ಇದಕ್ಕೆ ಮದ್ದು ನಮ್ಮ ಮಂಡ್ಯ ಜಿಲ್ಲೆಯಲ್ಲಿಯೇ ಉಂಟು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಶಾಸನವನ್ನು ನೋಡಬೇಕು. 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನು ಬೇಡಿ ಪಡೆದದ್ದು ಕಾಳಿಯೆಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಡನೆ ಕಾದಿತು, ಎರಡೂ ಮಡಿದುವು. ನಾಯಿಯ ನೆನಪಿಗೆ ಕಲ್ಲು ನಿಂತಿತು, ಪೂಜೆಗೆ ಭೂಮಿ ದತ್ತಿಯಾಯಿತು. ಕಲ್ಲಿನ ಮೇಲೆ ನಾಯಿ-ಹಂದಿಗಳ ಕಾದಾಟವನ್ನು ಕೆತ್ತಿದ ಕೈ ಆ ಕಾಲದ್ದೇ. ಯಂತ್ರದ ಚಿತ್ರವನ್ನು ತರಗತಿಯಲ್ಲಿ ತೋರಿಸುವ ಅಧ್ಯಾಪಕರು ಅದರ ಪಕ್ಕದಲ್ಲಿ ಇಂಥದೊಂದು ಶಾಸನವನ್ನೂ ಓದಿಸಿದರೆ, ಕಂಡದ್ದಾವುದು, ಕಲ್ಪಿಸಿದ್ದಾವುದು ಎಂಬುದನ್ನು ವಿದ್ಯಾರ್ಥಿಗಳು ತಾವೇ ಬೇರ್ಪಡಿಸಿಕೊಂಡಾರು.