ಅಂಬಿಗನಿಗೊಂದು ಪರವಾನಿಗೆ

ದಾವಣಗೆರೆಯ ರೈಲ್ವೆ ನಿಲ್ದಾಣದ ಮುಂದೆ ನಾವು ಐವರು ಸ್ನೇಹಿತರು ಒಂದೇ ಆಟೋರಿಕ್ಷಾದಲ್ಲಿ ತುರುಕಿಕೊಂಡು ಹೊರಟೆವು. ನೂರು ಗಜ ದಾಟುವಷ್ಟರಲ್ಲಿ ಪೋಲೀಸಿನವರು ಕೈ ಅಡ್ಡ ಹಿಡಿದರು. ಪರವಾನಿಗೆ ಎಲ್ಲಿ, ನೋಂದಣಿಪತ್ರ ಎಲ್ಲಿ, ವಿಮೆ ಎಲ್ಲಿ, ಹೊಗೆ ಪರೀಕ್ಷೆಯ ಚೀಟಿ ಎಲ್ಲಿ ಎಂದು ಒಂದೊಂದಾಗಿ ಕೇಳಿದರು. ಕಾಗದಗಳೆಲ್ಲ ಸರಿಯಾಗಿದ್ದವು, ತಲೆಗಳ ಲೆಕ್ಕ ಮಾತ್ರ ತಪ್ಪಿತ್ತು. ಚಾಲಕ ದಂಡ ತೆತ್ತ. ನಾವಿಬ್ಬರು ಇಳಿದು ನಡೆದೆವು. ಆಗ ಅದು ದೊಡ್ಡ ಅನ್ಯಾಯವೆಂದೇ ನನಗೆ ತೋರಿತ್ತು.

ಅದಾದ ಮೂರನೆಯ ವಾರದಲ್ಲಿ ನನ್ನ ಅಭಿಪ್ರಾಯ ಬದಲಾಯಿತು. ನನ್ನ ಸೋದರಮಾವನ ಊರು ಹರಿಹರದಿಂದ ಕೆಳಗೆ, ಹೊಳೆಯ ದಂಡೆಯ ಮೇಲಿದೆ. ಆಚೆ ದಡದ ಊರಿನ ಜಾತ್ರೆಗೆ ಸೇತುವೆ ಸುತ್ತಿ ಹೋದರೆ ಅರ್ಧ ದಿನ ಹಾಳು. ಹರಿಗೋಲಿನಲ್ಲಾದರೆ ಕಾಲು ಗಂಟೆ. ಕಡವಿನಲ್ಲಿ ಮುದುಕ ಅಂಬಿಗನೊಬ್ಬ ಹುಟ್ಟು ಹಿಡಿದು ನಿಂತಿದ್ದ. ಹಣ ಎಣಿಸಿಕೊಳ್ಳುವವನು ಬೇರೆ, ಕಡವಿನ ಗುತ್ತಿಗೆ ಹಿಡಿದವನ ಕಡೆಯ ಹುಡುಗ. ಮುದುಕ ಹತ್ತು ಜನ ಸಾಕೆಂದ. ಹುಡುಗ ಹದಿನಾಲ್ಕು ಜನರನ್ನು ಹತ್ತಿಸಿ, ಮೇಲೊಂದು ಮೋಟಾರುಸೈಕಲ್ಲನ್ನೂ ಇಟ್ಟ. ನಡುಹೊಳೆಯಲ್ಲಿ ನೀರಿಗೂ ಹರಿಗೋಲಿನ ಅಂಚಿಗೂ ಎರಡು ಬೆರಳಿನಷ್ಟೇ ಅಂತರ ಉಳಿಯಿತು. ನನ್ನ ಪಕ್ಕದಲ್ಲಿ ಕೂಸನ್ನೆತ್ತಿಕೊಂಡ ಹೆಂಗಸೊಬ್ಬಳು ಕಣ್ಣು ಮುಚ್ಚಿ ಕುಳಿತಿದ್ದಳು. "ಯಾರೂ ಅಲುಗಬ್ಯಾಡ್ರೀ, ಉಸಿರೂ ಸಣ್ಣಕ ಬಿಡ್ರಿ" ಎಂದು ಅಂಬಿಗ ಮೆಲ್ಲಗೆ ಹೇಳಿದ. ಅವನ ದನಿಯಲ್ಲಿ ಹೆದರಿಕೆಯಿರಲಿಲ್ಲ, ದಣಿವಿತ್ತು.

ದಡ ಮುಟ್ಟಿದ ಮೇಲೆ, "ಅಜ್ಜಾ, ಇಷ್ಟು ಜನರನ್ನ ಯಾಕೆ ಹತ್ತಿಸಿಕೊಂಡಿ?" ಎಂದು ಕೇಳಿದೆ. "ನಾ ಬ್ಯಾಡ ಅಂದ್ರ ಕೇಳೋರು ಯಾರು ತಮ್ಮಾ? ನಾಳಿಗೆ ಇನ್ನೊಬ್ಬನ್ನ ಇಟ್ಕಂತಾರ" ಎಂದನು. ಈ ಲೇಖನವನ್ನು ಬರೆಯಲು ಆ ಮಾತೇ ಕಾರಣ.

ನಮ್ಮ ತುಂಗಭದ್ರೆಯ ಮೇಲೆ ಹರಿಗೋಲು ಇಂದು ನಿನ್ನೆಯದಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿರುವ, ಒಳಗೆ ಬೆತ್ತ ಹೊರಗೆ ತೊಗಲಿನ ದೋಣಿಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಅವು ಹದಿನೈದು ಇಪ್ಪತ್ತು ಜನರನ್ನು ಹೊರುತ್ತಿದ್ದವಂತೆ. ಇಂದು ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಉಳಿದುದೆಲ್ಲ ಹಾಗೆಯೇ ಇದೆ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಚೌಡಯ್ಯದಾನಪುರವೂ ಇದೇ ಹೊಳೆಯ ದಂಡೆಯ ಮೇಲೆ, ರಾಣೆಬೆನ್ನೂರು ತಾಲ್ಲೂಕಿನಲ್ಲಿದೆ. ದೋಣಿ ನಡೆಸುವ ಕಸುಬಿನವನು ಯಾರ ಮುಲಾಜಿಗೂ ಒಳಗಾಗದೆ ಮಾತನಾಡಿದ ನಾಡು ಇದು. ಅದೇ ನೀರಿನ ಮೇಲೆ ಇಂದಿನ ಅಂಬಿಗ ಒಂದು "ಬೇಡ" ಎನ್ನಲಾರದೆ ನಿಂತಿದ್ದಾನೆ.

ಹರಿಹರದ ಹಳೆಯ ಸೇತುವೆ ಮುಗಿದದ್ದು 1868ರಲ್ಲಿ. ಮುಂಬಯಿ ಪ್ರಾಂತದ ಕಡವುಗಳ ಕಾನೂನು ಹುಟ್ಟಿದ್ದೂ ಅದೇ ವರ್ಷ. ಆಗ ಈಚೆ ದಡ ಮೈಸೂರಿನದು, ಆಚೆ ದಡ ಧಾರವಾಡ ಜಿಲ್ಲೆಗೆ, ಎಂದರೆ ಮುಂಬಯಿಗೆ ಸೇರಿದ್ದು. 1956ರ ನವೆಂಬರ್ 1ರವರೆಗೂ ಹೊಳೆಯ ಎರಡು ದಂಡೆಗಳು ಎರಡು ರಾಜ್ಯಗಳಾಗಿಯೇ ಇದ್ದವು. ಅಂದಿನ ಕಡವಿನ ಕಾನೂನುಗಳಿಗೆ ಸುಂಕದ ಮೇಲೆ ಇದ್ದಷ್ಟು ಕಣ್ಣು ಹುಟ್ಟು ಹಾಕುವವನ ಮೇಲೆ ಇರಲಿಲ್ಲ. ಕಡವನ್ನು ಹರಾಜು ಹಾಕುವುದು, ಹೆಚ್ಚು ಕೂಗಿದವನಿಗೆ ಕೊಡುವುದು. ಹೆಚ್ಚು ಕೂಗಿದವನು ಹೆಚ್ಚು ತಲೆಗಳನ್ನು ಹತ್ತಿಸಿದರೆ ಅದರಲ್ಲಿ ಆಶ್ಚರ್ಯವೇನಿದೆ? 1917ರಲ್ಲಿ ಬಂದ ಒಳನಾಡ ಹಡಗುಗಳ ಕಾನೂನು ನಡೆಸುವವನ ಕಡೆಗೆ ತಿರುಗಿತು ನಿಜ. ಪರೀಕ್ಷೆ ಮಾಡಿ ಮಾಸ್ಟರ್, ಸೆರಾಂಗ್ ಎಂಬ ದರ್ಜೆಗಳ ಅರ್ಹತಾಪತ್ರ ಕೊಡುವ ಏರ್ಪಾಡು ಅದರಲ್ಲಿತ್ತು. ಆದರೆ ಅದು ಉಗಿಹಡಗಿಗೆ, ಮುಂದೆ ಯಂತ್ರದ ದೋಣಿಗೆ. ಹರಿಗೋಲಿಗೆ ಯಂತ್ರವೆಲ್ಲಿಂದ ಬರಬೇಕು? ಅದರ ಸ್ಥಾನದಲ್ಲಿ ಬಂದಿರುವ 2021ರ ಒಳನಾಡ ಹಡಗುಗಳ ಅಧಿನಿಯಮ ಯಂತ್ರವಿಲ್ಲದ ದೋಣಿಗಳಿಗೂ ಒಂದು ಅಧ್ಯಾಯವನ್ನು ಕೊಟ್ಟು, ಅವುಗಳನ್ನು ದಾಖಲಿಸಿಕೊಳ್ಳುವ ಕೆಲಸವನ್ನು ಸ್ಥಳೀಯ ಸಂಸ್ಥೆಗಳ ಮಟ್ಟಕ್ಕೆ ಇಳಿಸಲು ದಾರಿ ಮಾಡಿದೆ. ಕಾಗದದ ಮೇಲೆ ಇದು ಒಳ್ಳೆಯ ಹೆಜ್ಜೆ. ನಾನು ಕುಳಿತ ಹರಿಗೋಲಿನಲ್ಲಿ ಒಂದು ಅಂಕೆಯೂ ಬರೆದಿರಲಿಲ್ಲ.

ಇದು ಬರಿಯ ಅಂಜುಬುರುಕನ ಕೂಗೆಂದು ಯಾರೂ ಭಾವಿಸಬಾರದು. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡದ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ವಿಹಾರದ ದೋಣಿ ಮುಳುಗಿ 22 ಜನ ಹೋದರು, ಅವರಲ್ಲಿ ಮಕ್ಕಳೇ ಬಹಳ. ಮೀನು ಹಿಡಿಯುವ ದೋಣಿಯನ್ನೇ ಮಾರ್ಪಡಿಸಿ ಜನರನ್ನು ತುಂಬಿದ್ದರೆಂದೂ, ನಡೆಸುತ್ತಿದ್ದವನಿಗೆ ತಕ್ಕ ಪರವಾನಿಗೆ ಇರಲಿಲ್ಲವೆಂದೂ ಪತ್ರಿಕೆಗಳು ಬರೆದವು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇನ್ನೊಂದು ನೆನಪು: ಮಲಯಾಳದ ಮಹಾಕವಿ ಕುಮಾರನ್ ಆಶಾನ್ ತೀರಿಕೊಂಡದ್ದು 1924ರ ಜನವರಿಯಲ್ಲಿ ಪಲ್ಲನದ ಬಳಿ, ಹೊರಲಾರದಷ್ಟು ಜನರನ್ನು ಹೊತ್ತ ದೋಣಿ ಮಗುಚಿ. ನೂರು ವರ್ಷಗಳಲ್ಲಿ ತಲೆ ಎಣಿಸುವುದನ್ನು ನಾವು ಕಲಿಯಲಿಲ್ಲ.

ನನ್ನ ಸಹಪಾಠಿಯೊಬ್ಬ, ಅಂಬಿಗರ ಮನೆತನದವನೇ, ಈ ವಿಚಾರ ಕೇಳಿ ಸಿಟ್ಟಾದ. "ಪರವಾನಿಗೆ ಎಂದರೆ ಇಂಗ್ಲಿಷಿನ ಅರ್ಜಿ, ಎರಡು ಭಾವಚಿತ್ರ, ಶುಲ್ಕ, ಕೈಬಿಸಿ. ನಮ್ಮಪ್ಪನಿಗೆ ಅಕ್ಷರ ಬಾರದು, ಹೊಳೆ ಬರುತ್ತದೆ. ಕೊನೆಗೆ ಓದು ಬಂದ, ಹೊಳೆ ಬಾರದ ಒಬ್ಬ ಆ ಜಾಗಕ್ಕೆ ಬರುತ್ತಾನೆ" ಎಂದನು. ಇದಕ್ಕೆ ಥಟ್ಟನೆ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಅವನ ಮಾತಿನಲ್ಲಿ ಬಹುಪಾಲು ನಿಜವಿದೆ. ಆದರೆ ಅದು ಕೆಟ್ಟ ಪರವಾನಿಗೆಗೆ ವಿರುದ್ಧವಾದ ವಾದ, ಪರವಾನಿಗೆಗೇ ವಿರುದ್ಧವಾದದ್ದಲ್ಲ.

ಅಮೆರಿಕೆಯಲ್ಲಿ ಆರು ಜನರವರೆಗೆ ಬಾಡಿಗೆಗೆ ಕೂರಿಸಿಕೊಂಡು ಹೋಗುವ ಸಣ್ಣ ದೋಣಿಯವನೂ ಪರವಾನಿಗೆ ಪಡೆಯಬೇಕು. ಅದಕ್ಕೆ ಅವನು ತೋರಿಸಬೇಕಾದದ್ದು ನೀರಿನ ಮೇಲೆ 360 ದಿನಗಳ ಅನುಭವ. ಬರೆಯುವ ಪರೀಕ್ಷೆಯೂ ಉಂಟು, ಆದರೆ ದಿನಗಳ ಲೆಕ್ಕವಿಲ್ಲದೆ ಆ ಪರೀಕ್ಷೆಗೆ ಬೆಲೆಯಿಲ್ಲ. ಈ ಅಳತೆಯಿಂದ ನೋಡಿದರೆ ನಮ್ಮ ಕಡವಿನ ಮುದುಕ ಎಷ್ಟೋ ಸಲ ತೇರ್ಗಡೆಯಾದವನು. ಅವನನ್ನು ಕೇಳಬೇಕಾದ ಪ್ರಶ್ನೆಗಳು ಕನ್ನಡದಲ್ಲಿ, ಬಾಯಿಮಾತಿನಲ್ಲಿ, ಹೊಳೆಯ ದಂಡೆಯ ಮೇಲೇ ಇರಲಿ. ಮಡು ಎಲ್ಲಿ, ಸುಳಿ ಎಲ್ಲಿ, ಮರಳು ತೆಗೆದ ಹೊಂಡಗಳು ಎಲ್ಲಿ? ಗಾಜನೂರಿನ ಬಾಗಿಲು ತೆಗೆದರೆ, ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ನೀರು ಬಿಟ್ಟರೆ, ಇಲ್ಲಿ ಎಷ್ಟು ಹೊತ್ತಿಗೆ ಏರುತ್ತದೆ? ಈ ಕೊನೆಯ ಪ್ರಶ್ನೆಗೆ ಹಿರಿಯರ ಅನುಭವವೊಂದೇ ಸಾಲದು. ನೀರು ಬಿಡುವ ಸುದ್ದಿ ಕಡವಿಗೆ ಮುಟ್ಟುವ ವ್ಯವಸ್ಥೆಯೂ ಬೇಕು. ಅದು ಅಂಬಿಗನ ಕರ್ತವ್ಯವಲ್ಲ, ಸರ್ಕಾರದ್ದು. ಶುಲ್ಕವನ್ನೂ ತೇಲುವ ಅಂಗಿಗಳ ಬೆಲೆಯನ್ನೂ ಹರಾಜಿನ ಹಣದಲ್ಲಿಯೇ ಮುರಿದುಕೊಳ್ಳಲಿ.

ಇವೆಲ್ಲಕ್ಕಿಂತ ಮಿಗಿಲಾಗಿ ಆ ಪರವಾನಿಗೆಯ ಮೇಲೆ ಒಂದು ಸಂಖ್ಯೆ ಇರಬೇಕು. ಇಷ್ಟು ತಲೆ, ಹೊಳೆ ತುಂಬಿದಾಗ ಇಷ್ಟು, ವಾಹನವಿದ್ದರೆ ಇಷ್ಟು. ಅದನ್ನು ಹರಿಗೋಲಿನ ಅಂಚಿನಲ್ಲಿ ಬಣ್ಣದಿಂದ ಬರೆಸಬೇಕು. ಮೀರಿದರೆ ದಂಡ ತೆರಬೇಕಾದವನು ಗುತ್ತಿಗೆದಾರ. ಹತ್ತಿಸಲಾರೆನೆಂದ ಅಂಬಿಗನನ್ನು ಬಿಡಿಸಿದರೆ ಗುತ್ತಿಗೆಯೇ ರದ್ದಾಗಬೇಕು. ಆಗ "ನಾ ಬ್ಯಾಡ ಅಂದ್ರ ಕೇಳೋರು ಯಾರು" ಎಂಬುದಕ್ಕೆ ಉತ್ತರ ಅವನ ಕಿಸೆಯಲ್ಲಿಯೇ ಇರುತ್ತದೆ. ಆಟೋ ಇಳಿದು ನಡೆದ ದಿನ ನನಗೆ ಹೊಳೆಯದಿದ್ದ ಸಂಗತಿ ಇದು: ಆ ಚಾಲಕ ಮನಸ್ಸು ಮಾಡಿದ್ದರೆ ಕಾನೂನು ತೋರಿಸಿ ನಮ್ಮಿಬ್ಬರನ್ನು ಮೊದಲೇ ಇಳಿಸಬಹುದಾಗಿತ್ತು. ಮುದುಕನಿಗೆ ತೋರಿಸಲು ಏನೂ ಇರಲಿಲ್ಲ.

ಪರೀಕ್ಷೆ ಮಾಡುವ ಅಧಿಕಾರಿಗೂ ಒಂದು ನಿಯಮ ಬೇಕೆಂದು ನನ್ನ ಸಹಪಾಠಿಯ ಸೂಚನೆ. ಅದನ್ನು ನಾನು ಪೂರ್ಣವಾಗಿ ಅನುಮೋದಿಸುತ್ತೇನೆ. ಆತ ದಂಡೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಸಹಿ ಹಾಕಬಾರದು. ಆಷಾಢದ ಹೊಳೆಯಲ್ಲಿ, ತಾನು ಬರೆದಷ್ಟೇ ತಲೆಗಳ ಜೊತೆಗೆ, ಅದೇ ಹರಿಗೋಲಿನಲ್ಲಿ ಕುಳಿತು ಆಚೆ ದಡ ಮುಟ್ಟಿ ಬಂದು, ಆಮೇಲೆ ಲೇಖನಿ ಎತ್ತಬೇಕು.