ಚಿತ್ರಗಳಿಗೊಬ್ಬ ಶಾನುಭೋಗ

ಫಿಲ್ಮಿನ ಕಾಲದಲ್ಲಿ ಒಂದು ಸುರುಳಿಗೆ 36 ಚಿತ್ರಗಳು. ಮದುವೆಯೊಂದಕ್ಕೆ ನಾಲ್ಕು ಸುರುಳಿ ಮುಗಿದವೆಂದರೆ ಅದು ಉಳ್ಳವರ ಮದುವೆಯೆಂದೇ ಲೆಕ್ಕ. ತೊಳೆದು ಬಂದ ಪ್ರತಿಗಳ ಬೆನ್ನಿನ ಮೇಲೆ ಮನೆಯ ಹಿರಿಯರು ಪೆನ್ಸಿಲಿನಿಂದ ಊರು, ತಾರೀಖು, ನಿಂತವರ ಹೆಸರು ಬರೆದಿಡುತ್ತಿದ್ದರು. ಆಲ್ಬಮ್ ಹರಿದರೂ, ಪೆಟ್ಟಿಗೆ ಬದಲಾದರೂ, ಆ ಬರಹವು ಚಿತ್ರವನ್ನು ಬಿಟ್ಟು ಅಗಲುತ್ತಿರಲಿಲ್ಲ.

ಇಂದು ಸಾಮಾನ್ಯ ಗೃಹಸ್ಥನ ಕಂಪ್ಯೂಟರಿನಲ್ಲಿಯೂ ಹತ್ತಾರು ಸಾವಿರ ಚಿತ್ರಗಳು ಸೇರಿಕೊಳ್ಳುವುದು ಅಪರೂಪವಲ್ಲ. ಇವನ್ನು ವಿಂಗಡಿಸಿ, ಹೆಸರು ಹಚ್ಚಿ, ತಿದ್ದಿ, ಬೇಕೆಂದಾಗ ಹುಡುಕಿ ಕೊಡಲು ತಂತ್ರಾಂಶವೆಂಬ ಶಾನುಭೋಗನೊಬ್ಬ ಬೇಕೇ ಬೇಕು. ಆರಿಸಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮೂರು: ಬೆಲೆಯೆಷ್ಟು? ವೇಗವೆಷ್ಟು? ಬಣ್ಣವನ್ನು ಎಷ್ಟು ಚೆನ್ನಾಗಿ ತಿದ್ದುತ್ತದೆ? ಇವು ಬೇಕಾದ ಪ್ರಶ್ನೆಗಳೇ ಸರಿ. ಆದರೆ ಇವಕ್ಕಿಂತ ಮೊದಲು ಕೇಳತಕ್ಕ ಪ್ರಶ್ನೆಯೊಂದಿದೆ. ಈ ಶಾನುಭೋಗ ನಾಳೆ ಚಾವಡಿ ಬಿಟ್ಟು ಹೋದರೆ ದಫ್ತರ ಯಾರ ಕೈಯಲ್ಲಿ ಉಳಿಯುತ್ತದೆ?

ಇದು ವೃಥಾ ಭಯವಲ್ಲ. ಗೂಗಲ್ ಸಂಸ್ಥೆಯು 2004ರಲ್ಲಿ ಕೊಂಡುಕೊಂಡ ಪಿಕಾಸಾ ಎಂಬ ತಂತ್ರಾಂಶವು ಉಚಿತವಾಗಿದ್ದು, ಲೋಕದ ಎಷ್ಟೋ ಮನೆಗಳ ಚಿತ್ರಭಂಡಾರವನ್ನು ನೋಡಿಕೊಳ್ಳುತ್ತಿತ್ತು. 2016ರ ಮಾರ್ಚಿನಲ್ಲಿ ಸಂಸ್ಥೆ ಅದರ ಪೋಷಣೆಯನ್ನು ನಿಲ್ಲಿಸಿತು. ಆಪಲ್ ಸಂಸ್ಥೆಯ ಅಪರ್ಚರ್ 2005ರಲ್ಲಿ ವೃತ್ತಿಪರ ಛಾಯಾಗ್ರಾಹಕರಿಗೆಂದೇ ಬಂದುದು. 2014ರಲ್ಲಿ ಅದರ ಅಂತ್ಯವನ್ನು ಸಾರಲಾಯಿತು. 2019ರಲ್ಲಿ ಬಂದ ಮ್ಯಾಕ್ ವ್ಯವಸ್ಥೆಯಲ್ಲಿ ಅದು ತೆರೆಯುವುದೇ ನಿಂತುಹೋಯಿತು. ಒಂದು ಉಚಿತ, ಇನ್ನೊಂದು ಹಣ ಕೊಟ್ಟು ಕೊಂಡದ್ದು. ಎರಡರ ಹಿಂದೆಯೂ ಮಹಾ ಸಂಸ್ಥೆಗಳಿದ್ದವು. ಬೆಲೆಯಾಗಲಿ ಹೆಸರಾಗಲಿ ಬಾಳಿಕೆಗೆ ಜಾಮೀನಲ್ಲವೆಂಬುದು ಇದರಿಂದ ಸ್ಪಷ್ಟ.

ಹಾಗೆ ನಿಂತುಹೋದಾಗ ಚಿತ್ರಗಳೇನೂ ಮಾಯವಾಗಲಿಲ್ಲ. ಕಷ್ಟವಾದುದು ಚಿತ್ರಗಳ ಮೇಲೆ ವ್ಯಯಿಸಿದ ಶ್ರಮಕ್ಕೆ. ಪಿಕಾಸಾದಲ್ಲಿ ಜೆಪೆಗ್ ಚಿತ್ರಕ್ಕೆ ಬರೆದ ಅಡಿಬರಹವು ಚಿತ್ರದ ಫೈಲಿನೊಳಗೇ ಸೇರುತ್ತಿದ್ದುದರಿಂದ ಅದು ಉಳಿಯಿತು. ಆದರೆ ಕಷ್ಟಪಟ್ಟು ಜೋಡಿಸಿದ ಆಲ್ಬಮ್‌ಗಳ ವಿವರ ತಂತ್ರಾಂಶದ ಸ್ವಂತ ದಫ್ತರದಲ್ಲಿತ್ತು. ಅಪರ್ಚರಿನಿಂದ ಲೈಟ್‌ರೂಮಿಗೆ ದಾಟಿದವರ ಚಿತ್ರಗಳೂ ಗುರುತುಪದಗಳೂ ಜೊತೆಗೆ ಬಂದವು. ಬೆಳಕು ಬಣ್ಣಗಳ ತಿದ್ದುಪಡಿಗಳು, ಮತ್ತೆ ಬದಲಿಸಬಹುದಾದ ರೂಪದಲ್ಲಿ, ಬರಲಿಲ್ಲ.

ಕಾರಣವನ್ನು ತಿಳಿಯುವುದು ಕಠಿಣವಲ್ಲ. ಚಿತ್ರದ ಫೈಲಿನೊಳಗೆ ಬರಹಕ್ಕೂ ಸ್ಥಳವಿರುತ್ತದೆ. ಚಿತ್ರ ತೆಗೆದ ಹೊತ್ತು, ಕ್ಯಾಮರಾದ ಹೆಸರು ಮುಂತಾದುವನ್ನು ಕ್ಯಾಮರಾ ತಾನೇ ಎಕ್ಸಿಫ್ ಎಂಬ ಭಾಗದಲ್ಲಿ ಬರೆಯುತ್ತದೆ. ಅಡಿಬರಹ, ಗುರುತುಪದ, ಊರು ಇವುಗಳಿಗಾಗಿ ಐಪಿಟಿಸಿ, ಎಕ್ಸ್‌ಎಂಪಿ ಎಂಬ ಸರ್ವಸಮ್ಮತ ಪದ್ಧತಿಗಳಿವೆ. ಎಕ್ಸ್‌ಎಂಪಿಯಲ್ಲಿ ಕನ್ನಡದಲ್ಲಿಯೇ ಬರೆದಿಡಬಹುದು. ಇದು ಚಿತ್ರದ ಬೆನ್ನಿನ ಮೇಲಿನ ಪೆನ್ಸಿಲ್ ಬರಹವೇ ಸರಿ. ಆದರೆ ಅನೇಕ ತಂತ್ರಾಂಶಗಳು ಇಲ್ಲಿ ಬರೆಯದೆ ತಮ್ಮದೇ ದಫ್ತರದಲ್ಲಿ ಬರೆದುಕೊಳ್ಳುತ್ತವೆ. ಹುಡುಕುವುದಕ್ಕೆ ಅದು ಶೀಘ್ರ. ಬಿಟ್ಟು ಹೋಗುವಾಗ ಅದೇ ತೊಡಕು.

ಈ ಒರೆಗಲ್ಲಿಗೆ ಇಂದಿನವುಗಳನ್ನು ತಿಕ್ಕಿ ನೋಡಬಹುದು. ಅಡೋಬಿಯ ಲೈಟ್‌ರೂಮ್ ಕ್ಲಾಸಿಕ್ ವಿಂಗಡಣೆಯಲ್ಲಿಯೂ ತಿದ್ದುವುದರಲ್ಲಿಯೂ ಸಮರ್ಥ. ಆದರೆ ಬಾಡಿಗೆಯ ಶಾನುಭೋಗ. ಚಂದಾ ನಿಂತರೆ ಚಿತ್ರಗಳನ್ನು ನೋಡಬಹುದು, ತಿದ್ದುವ ಕೋಣೆಯ ಬಾಗಿಲು ಮುಚ್ಚುತ್ತದೆ. ವಿವರಗಳನ್ನು ಚಿತ್ರಕ್ಕೂ ಬರೆಯಬೇಕೆಂದು ಅದಕ್ಕೆ ಬೇರೆಯಾಗಿ ಅಪ್ಪಣೆ ಕೊಡಬೇಕು; ಕೊಡದಿದ್ದರೆ ಎಲ್ಲವೂ ಅದರ ದಫ್ತರದಲ್ಲಿಯೇ ಉಳಿಯುತ್ತದೆ. ಡಿಜಿಕ್ಯಾಮ್ ಉಚಿತ ಹಾಗೂ ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ. ಹೆಸರುಗಳನ್ನು ಚಿತ್ರದೊಳಗೇ ಬರೆಯುವಂತೆ ಅದನ್ನು ಅಣಿಗೊಳಿಸಬಹುದು; ಕಲಿಯಲು ಮಾತ್ರ ತಾಳ್ಮೆ ಬೇಕು. ಡಾರ್ಕ್‌ಟೇಬಲ್ ಕೂಡ ಉಚಿತ. ಮೂಲಚಿತ್ರವನ್ನು ಮುಟ್ಟದೆ, ಪಕ್ಕದಲ್ಲಿ ಒಂದು ಎಕ್ಸ್‌ಎಂಪಿ ಚೀಟಿಯನ್ನು ಇರಿಸುತ್ತದೆ. ಚಿತ್ರವನ್ನು ಬೇರೆಡೆಗೆ ಸಾಗಿಸುವಾಗ ಆ ಚೀಟಿಯನ್ನು ಮರೆಯಬಾರದು. ಗೂಗಲ್ ಫೋಟೋಸ್ ಮುಖಗಳನ್ನು ತಾನೇ ಗುರುತಿಸುವ ಜಾಣ. ಆದರೆ ಅಲ್ಲಿ ಬರೆದ ವಿವರಣೆಯು ಚಿತ್ರಗಳನ್ನು ಒಟ್ಟಾಗಿ ಹಿಂದಕ್ಕೆ ತರಿಸಿಕೊಂಡಾಗ ಬೇರೆ ಫೈಲುಗಳಲ್ಲಿ ಬರುತ್ತದೆ.

ತಿದ್ದುಪಡಿಯ ವಿಷಯ ಬೇರೆ. ಉತ್ತಮ ತಂತ್ರಾಂಶವು ಮೂಲವನ್ನು ಕೆಡಿಸದೆ, ಹೇಗೆ ತಿದ್ದಬೇಕೆಂಬ ಸೂಚನೆಯನ್ನು ಮಾತ್ರ ಬರೆದಿಡುತ್ತದೆ. ಆದರೆ ಒಂದರ ಸೂಚನೆಯನ್ನು ಮತ್ತೊಂದು ಪೂರ್ಣವಾಗಿ ಓದಲಾರದು. ಒಬ್ಬ ಅಡಿಗೆಯವನ ಕೈಗುಣ ಇನ್ನೊಬ್ಬನಿಗೆ ಬಾರದಷ್ಟೆ. ಆದುದರಿಂದ ಮನಸ್ಸಿಗೆ ಒಪ್ಪಿದ ಚಿತ್ರಗಳನ್ನು ತಿದ್ದಿ ಮುಗಿಸಿದ ಕೂಡಲೇ ಒಂದು ಜೆಪೆಗ್ ಪ್ರತಿಯಾಗಿ ಬೇರೆ ತೆಗೆದು, ಮೂಲದ ಜೊತೆಯಲ್ಲಿಯೇ ಇರಿಸುವುದು ಲೇಸು.

ಆರಿಸುವ ಮೊದಲು ಒಂದು ಸಂಜೆಯ ಪರೀಕ್ಷೆ ಸಾಕು. ನೂರು ಚಿತ್ರಗಳ ನಕಲನ್ನು ಹೊಸ ಶಾನುಭೋಗನಿಗೆ ಒಪ್ಪಿಸಬೇಕು. ಕೆಲವಕ್ಕೆ ಕನ್ನಡದಲ್ಲಿ ಅಡಿಬರಹ, ಕೆಲವಕ್ಕೆ ಗುರುತುಪದ ಕೊಟ್ಟು, ಆ ಚಿತ್ರಗಳನ್ನು ಸಂಪೂರ್ಣ ಬೇರೆಯಾದ ತಂತ್ರಾಂಶದಲ್ಲಿ ತೆರೆದು ನೋಡಬೇಕು. ಬರೆದುದೆಲ್ಲ ಅಲ್ಲಿ ಕಂಡರೆ ಆಯ್ಕೆ ಸರಿ. ಕಾಣದಿದ್ದರೆ, ನಲವತ್ತು ಸಾವಿರಕ್ಕೆ ಹೆಸರು ಬರೆಯುವ ಮೊದಲೇ ತಿಳಿದುದು ಒಳ್ಳೆಯದಾಯಿತು. ಯಾವ ತಂತ್ರಾಂಶವೂ ಕೆಟ್ಟುಹೋದ ಡಿಸ್ಕಿನಿಂದ ಕಾಪಾಡಲಾರದು. ಇಡೀ ಭಂಡಾರದ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಇರಲೇಬೇಕು.

ಕೆಲಸವನ್ನು ಎಲ್ಲಿಂದ ಆರಂಭಿಸುವುದೆಂಬುದು ಕೊನೆಯ ಮಾತು. ಕಳೆದ ತಿಂಗಳ ಪ್ರವಾಸದ ಚಿತ್ರಗಳು ಕಾಯಬಲ್ಲವು. ಅತ್ಯಂತ ಹಳೆಯ ಚಿತ್ರಗಳನ್ನು ಮೊದಲು ತೆಗೆದು, ಅಜ್ಜಿಯನ್ನೋ ದೊಡ್ಡಪ್ಪನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ ಬರೆಯಬೇಕು. ತಂತ್ರಾಂಶ ಹೋದರೆ ಇನ್ನೊಂದು ಬಂದೀತು. ಹಿಂದಿನ ಸಾಲಿನಲ್ಲಿ ನಿಂತವರ ಹೆಸರು ಬಲ್ಲವರು ಹೋದರೆ ಹೇಳುವವರು ಮತ್ತೆ ಸಿಗುವುದಿಲ್ಲ.